ಬಸುರಿಯರ ರಕ್ತದಲ್ಲಿ ಲೆಪ್ಟಿನ್, ಅಡಿಪೊನೆಕ್ಟಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆಯ ಬಸುರಿಯರು, ಅವರ ಮನೆಯವರು, ಆಶಾ ಕಾರ್ಯಕರ್ತೆಯರು, ನರ್ಸಿಂಗ್ ಮತ್ತು ಬಯೋಕೆಮಿಸ್ಟ್ರಿ ಓದುತ್ತಿರುವವರು ಇವರೆಲ್ಲರಿಗಾಗಿ ಈ ಪುಟ. ರಿಪೋರ್ಟ್ ಕೈಯಲ್ಲಿ ಹಿಡಿದು ಗಾಬರಿಯಾಗಿರುವವರು ನೇರವಾಗಿ ನಾಲ್ಕನೆಯ ಪ್ರಶ್ನೆಗೆ ಹೋಗಿ. ರಕ್ತ ತೆಗೆಯುವ, ಅಳೆಯುವ ವಿವರ ಕೊನೆಯ ಕಡೆ ಇದೆ. ಅದು ಲ್ಯಾಬ್ ಕೆಲಸದವರಿಗೆ.

1. ಕೊಬ್ಬು ಮೈಯಲ್ಲಿ ಸುಮ್ಮನೆ ಕೂತಿರುತ್ತದೆ ಅಲ್ಲವಾ? ಅದರಿಂದ ರಕ್ತಕ್ಕೆ ಏನು ಬರುತ್ತದೆ?

ಕೊಬ್ಬಿನ ಜೀವಕೋಶಗಳು ಎಣ್ಣೆಯಂಶವನ್ನು ಕೂಡಿಡುವುದರ ಜೊತೆಗೆ ಹಲವು ಪ್ರೋಟೀನ್‌ಗಳನ್ನು ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಇವಕ್ಕೆ ಒಟ್ಟಾಗಿ ಅಡಿಪೊಕೈನ್ ಎನ್ನುತ್ತಾರೆ. ಹಸಿವು, ಇನ್ಸುಲಿನ್ ಕೆಲಸ ಮಾಡುವ ರೀತಿ, ಉರಿಯೂತ, ರಕ್ತನಾಳಗಳ ಸ್ಥಿತಿ ಇವುಗಳ ಮೇಲೆ ಅವುಗಳ ಪ್ರಭಾವ ಇದೆ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಇವುಗಳಲ್ಲಿ ಒಂದಾದ ಲೆಪ್ಟಿನ್ ಪತ್ತೆ ಮಾಡಿತು. ಇನ್ನೊಂದು ಅಡಿಪೊಕೈನ್ ಆದ ಅಡಿಪೊನೆಕ್ಟಿನ್ ಅದರ ಬೆನ್ನಲ್ಲೇ 1995–96ರಲ್ಲಿ ಬೆಳಕಿಗೆ ಬಂತು. ಬಸಿರಿನ ವಿಷಯದಲ್ಲಿ ಹೆಚ್ಚು ಅಧ್ಯಯನ ಆಗಿರುವುದು ಇವೆರಡರ ಮೇಲೆಯೇ.

ಎರಡರ ಸ್ವಭಾವ ತದ್ವಿರುದ್ಧ. ಮೈಯಲ್ಲಿ ಕೊಬ್ಬು ಹೆಚ್ಚಿದಂತೆ ಲೆಪ್ಟಿನ್ ಏರುತ್ತದೆ. ಅಡಿಪೊನೆಕ್ಟಿನ್ ಕೊಬ್ಬಿನಿಂದಲೇ ಬಂದರೂ ಕೊಬ್ಬು ಹೆಚ್ಚಿದಂತೆ, ಅದರಲ್ಲೂ ಹೊಟ್ಟೆಯೊಳಗಿನ ಕೊಬ್ಬು ಹೆಚ್ಚಿದಂತೆ, ಇಳಿಯುತ್ತದೆ. ಅಡಿಪೊನೆಕ್ಟಿನ್ ಚೆನ್ನಾಗಿರುವವರಲ್ಲಿ ಇನ್ಸುಲಿನ್ ಸಲೀಸಾಗಿ ಕೆಲಸ ಮಾಡುತ್ತದೆ.

2. ತೊಂದರೆಯೇನೂ ಇಲ್ಲದ ಬಸಿರಿನಲ್ಲಿ ಲೆಪ್ಟಿನ್ ಏರುವುದು ಯಾಕೆ?

ಎರಡು ಕಾರಣ ಇವೆ. ಮೊದಲ ಆರು ತಿಂಗಳು ತಾಯಿಯ ಮೈ ಕೊಬ್ಬು ಕೂಡಿಡುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮಗು ಜೋರಾಗಿ ಬೆಳೆಯುವಾಗಲೂ, ಆಮೇಲೆ ಹಾಲು ಕುಡಿಸುವಾಗಲೂ ಅದು ಬೇಕು. ಇದಕ್ಕಿಂತ ದೊಡ್ಡ ಕಾರಣ ಮಾಸು, ಅಂದರೆ ಮಗು ಹುಟ್ಟಿದ ಮೇಲೆ ಬೀಳುವ ಕಸ. ಮಾಸು ತಾನೇ ಲೆಪ್ಟಿನ್ ತಯಾರಿಸುತ್ತದೆ, ಅದರಲ್ಲಿ ಹೆಚ್ಚಿನ ಪಾಲನ್ನು ತಾಯಿಯ ರಕ್ತಕ್ಕೇ ಬಿಡುತ್ತದೆ. ಇದು 1997ರಲ್ಲಿ ಖಚಿತವಾಯಿತು. ಮಗುವೇ ಇಲ್ಲದೆ ಮಾಸಿನ ಅಂಗಾಂಶ ಮಾತ್ರ ದ್ರಾಕ್ಷಿ ಗೊಂಚಲಿನಂತೆ ಬೆಳೆಯುವ ಮೋಲಾರ್ ಬಸಿರಿನಲ್ಲೂ ಲೆಪ್ಟಿನ್ ಏರಿತ್ತು, ಚಿಕಿತ್ಸೆಯಾದ ಮೇಲೆ ಇಳಿಯಿತು.

ಮೊದಲ ಮೂರು ತಿಂಗಳಲ್ಲೇ ಏರಲು ಶುರುವಾಗಿ ಆರು–ಏಳು ತಿಂಗಳ ಹೊತ್ತಿಗೆ ಲೆಪ್ಟಿನ್ ತುದಿ ಮುಟ್ಟುತ್ತದೆ. ಬಸಿರಿಗೆ ಮೊದಲು ಇದ್ದದ್ದರ ಎರಡು–ಮೂರು ಪಟ್ಟು ಆಗುವುದು ಸಾಮಾನ್ಯ. ಕಸ ಬಿದ್ದ ಮೇಲೆ ಒಂದೆರಡು ದಿನದಲ್ಲೇ ಸರ್ರನೆ ಇಳಿಯುತ್ತದೆ.

ಲೆಪ್ಟಿನ್ ಹಸಿವು ಕಡಿಮೆ ಮಾಡುವ ಹಾರ್ಮೋನ್ ಎಂದು ಓದಿದವರು, ಹಾಗಾದರೆ ಬಸುರಿಗೆ ಊಟ ಬೇಡವಾಗಬೇಕಲ್ಲ ಎನ್ನುತ್ತಾರೆ. ಹಾಗಾಗುವುದಿಲ್ಲ. ಬಸಿರಿನಲ್ಲಿ ಮೆದುಳು ಲೆಪ್ಟಿನ್‌ಗೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಜೊತೆಗೆ ಲೆಪ್ಟಿನ್‌ಗೆ ಅಂಟಿಕೊಂಡು ಓಡಾಡುವ ಗ್ರಾಹಕ ಪ್ರೋಟೀನ್ ಕೂಡ ರಕ್ತದಲ್ಲಿ ಹೆಚ್ಚುತ್ತದೆ. ಹೀಗಾಗಿ ಲೆಪ್ಟಿನ್ ಎಷ್ಟೇ ಏರಿದರೂ ಊಟದ ಹಂಬಲ ಉಳಿಯುತ್ತದೆ.

3. ಅಡಿಪೊನೆಕ್ಟಿನ್?

ತಿಂಗಳು ತುಂಬುತ್ತಾ ಹೋದಂತೆ ನಿಧಾನವಾಗಿ ಇಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಮಗುವಿಗೆ ಸಕ್ಕರೆ ಸಿಗಲಿ ಎಂದು ತಾಯಿಯ ಮೈ ಇನ್ಸುಲಿನ್‌ಗೆ ಮೊದಲಿನ ಅರ್ಧದಷ್ಟು ಮಾತ್ರ ಸ್ಪಂದಿಸುತ್ತದೆ. ಅಡಿಪೊನೆಕ್ಟಿನ್ ಇಳಿಯುವುದು ಆ ಬದಲಾವಣೆಯ ಜೊತೆಗೇ. ಬಸಿರಿನಲ್ಲಿ ರಕ್ತದ ನೀರಿನಂಶ ಶೇ. 40–50ರಷ್ಟು ಹೆಚ್ಚುತ್ತದೆ, ಅದರಿಂದಲೂ ಸ್ವಲ್ಪ ತೆಳುವಾದಂತೆ ಕಾಣುತ್ತದೆ. ಇಷ್ಟರ ಮಟ್ಟಿಗಿನ ಇಳಿತ ಆರೋಗ್ಯವಂತ ಬಸಿರಿನ ಲಕ್ಷಣವೇ.

4. ಪ್ಯಾಕೇಜ್ ಟೆಸ್ಟ್ ಮಾಡಿಸಿದೆವು. ಲೆಪ್ಟಿನ್ ಎದುರಿಗೆ ‘ಹೈ’ ಅಂತ ಬಂದಿದೆ. ಏನು ಮಾಡಬೇಕು?

ಮೊದಲು, ಗಾಬರಿ ಬೇಡ. ರಿಪೋರ್ಟ್‌ನ ಬಲಗಡೆ ಅಚ್ಚಾಗಿರುವ ‘ನಾರ್ಮಲ್’ ಮಿತಿ ಸಾಮಾನ್ಯವಾಗಿ ಬಸಿರಿಲ್ಲದ ಹೆಂಗಸರದ್ದು. ಏಳು ತಿಂಗಳ ಬಸುರಿಯನ್ನು ಆ ಮಿತಿಗೆ ಹೋಲಿಸಿದರೆ ಬಹುತೇಕ ಎಲ್ಲರದ್ದೂ ‘ಹೈ’ ಎಂದೇ ಬರುತ್ತದೆ. ಈ ಸಂಖ್ಯೆಯನ್ನು ನೋಡಿ ಮಾತ್ರೆ ಬರೆಯುವ, ಹೆರಿಗೆ ಬೇಗ ಮಾಡಿಸುವ, ಊಟ ಕಡಿಮೆ ಮಾಡಿಸುವ ಯಾವ ಚಿಕಿತ್ಸಾ ನಿಯಮವೂ ಇಲ್ಲ.

ಘಟಕವನ್ನೂ ನೋಡಿ. ಲೆಪ್ಟಿನ್ ಅನ್ನು ಮಿಲಿಲೀಟರ್‌ಗೆ ಇಷ್ಟು ನ್ಯಾನೊಗ್ರಾಂ ಎಂದು ಬರೆಯುತ್ತಾರೆ, ಅಡಿಪೊನೆಕ್ಟಿನ್ ಅನ್ನು ಮಿಲಿಲೀಟರ್‌ಗೆ ಇಷ್ಟು ಮೈಕ್ರೊಗ್ರಾಂ ಎಂದು. ಎರಡರ ನಡುವೆ ಸಾವಿರ ಪಟ್ಟು ಅಂತರ. ಮೊಬೈಲ್‌ನಲ್ಲಿ ಹುಡುಕಿ ಸಂಖ್ಯೆ ಹೋಲಿಸುವವರು ಎಡವುವುದು ಇಲ್ಲೇ.

ಆ ರಿಪೋರ್ಟ್ ಅನ್ನು ತಾಯಿ ಕಾರ್ಡ್ ಜೊತೆ ಇಟ್ಟುಕೊಂಡು ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ತೋರಿಸಿ. ಅದಕ್ಕಾಗಿಯೇ ಓಡಿಹೋಗುವ ಅಗತ್ಯ ಇಲ್ಲ. ಇನ್ನೊಮ್ಮೆ ದುಡ್ಡು ಕೊಟ್ಟು ಅದನ್ನೇ ಮಾಡಿಸುವುದಂತೂ ಬೇಡವೇ ಬೇಡ. ಆ ದುಡ್ಡಿಗೆ ಒಂದು ಒಳ್ಳೆಯ ಬಿಪಿ ಯಂತ್ರವೋ ಗ್ಲುಕೋಮೀಟರ್ ಪಟ್ಟಿಗಳೋ ಬಂದರೆ ಉಪಯೋಗ ಹೆಚ್ಚು.

5. ಬಸಿರಿನ ಸಕ್ಕರೆ ಕಾಯಿಲೆ ಬಂದವರಲ್ಲಿ ಇವು ಹೇಗಿರುತ್ತವೆ?

ಅಡಿಪೊನೆಕ್ಟಿನ್ ಕಡಿಮೆ ಇರುತ್ತದೆ. ಈ ಇಡೀ ಕ್ಷೇತ್ರದಲ್ಲಿ ಒಂದು ಅಧ್ಯಯನದಿಂದ ಇನ್ನೊಂದಕ್ಕೆ ಹೆಚ್ಚು ಬದಲಾಗದೆ ನಿಂತಿರುವ ಫಲಿತಾಂಶ ಇದೇ. ತೂಕದ ಲೆಕ್ಕ ಹೊಂದಿಸಿದ ಮೇಲೂ ವ್ಯತ್ಯಾಸ ಪೂರ್ತಿ ಅಳಿಸುವುದಿಲ್ಲ. ಸಕ್ಕರೆ ಏರುವ ಎಷ್ಟೋ ಮೊದಲು, ಮೂರನೇ ತಿಂಗಳಲ್ಲೇ, ಬಸಿರಿಗೆ ಮೊದಲೇ ತೆಗೆದಿಟ್ಟ ರಕ್ತದಲ್ಲೂ, ಮುಂದೆ ಸಕ್ಕರೆ ಬರಲಿರುವವರದ್ದು ಕಡಿಮೆ ಕಂಡಿದೆ. ಅಂದರೆ ಬಸಿರು ಹೊಸದಾಗಿ ಕಾಯಿಲೆ ತಂದಿತು ಎನ್ನುವುದಕ್ಕಿಂತ, ಮೊದಲೇ ಇದ್ದ ಕೊರತೆಯನ್ನು ಬಸಿರು ಹೊರಗೆಳೆಯಿತು ಎನ್ನುವುದು ಸರಿ.

ಲೆಪ್ಟಿನ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆದರೆ ಸಕ್ಕರೆ ಬಂದವರಲ್ಲಿ ತೂಕವೂ ಹೆಚ್ಚಿರುವುದರಿಂದ ಎಷ್ಟು ಪಾಲು ತೂಕದ್ದು, ಎಷ್ಟು ಕಾಯಿಲೆಯದ್ದು ಎಂದು ಬಿಡಿಸುವುದು ಕಷ್ಟ.

6. ಹಾಗಾದರೆ ಮೂರನೇ ತಿಂಗಳಲ್ಲೇ ಅಡಿಪೊನೆಕ್ಟಿನ್ ನೋಡಿ ಸಕ್ಕರೆ ಬರುತ್ತದೋ ಇಲ್ಲವೋ ಹೇಳಬಹುದಲ್ಲ?

ಗುಂಪಿನ ಬಗ್ಗೆ ಹೇಳಬಹುದು, ಒಬ್ಬೊಬ್ಬರ ಬಗ್ಗೆ ಧೈರ್ಯವಾಗಿ ಹೇಳಲು ಆಗುವುದಿಲ್ಲ. ಲೆಕ್ಕ ಮಾಡಿ ನೋಡೋಣ. ಉದಾಹರಣೆಗೆ 1000 ಬಸುರಿಯರಲ್ಲಿ 100 ಮಂದಿಗೆ ಮುಂದೆ ಸಕ್ಕರೆ ಬರುತ್ತದೆ ಎಂದಿಟ್ಟುಕೊಳ್ಳಿ. ಟೆಸ್ಟ್ ಕಾಯಿಲೆ ಬರುವವರಲ್ಲಿ ಶೇ. 65 ಮಂದಿಯನ್ನು ಹಿಡಿಯುತ್ತದೆ, ಬರದವರಲ್ಲಿ ಶೇ. 78 ಮಂದಿಗೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದೂ ಇಟ್ಟುಕೊಳ್ಳಿ. 100ರಲ್ಲಿ 65 ಮಂದಿ ಸಿಕ್ಕರು, 35 ಮಂದಿ ತಪ್ಪಿಹೋದರು. ಉಳಿದ 900ರಲ್ಲಿ 198 ಮಂದಿಗೆ ಸುಮ್ಮಸುಮ್ಮನೆ ‘ಬರಬಹುದು’ ಎಂದಿತು. ಒಟ್ಟು 263 ಮಂದಿಗೆ ಹೆದರಿಕೆ ಹುಟ್ಟಿಸಿದರೆ ಅವರಲ್ಲಿ ನಿಜವಾಗಿ ಕಾಯಿಲೆ ಬರುವವರು ನಾಲ್ವರಲ್ಲಿ ಒಬ್ಬರು ಮಾತ್ರ. ತಪ್ಪಿಹೋದ 35 ಮಂದಿ ‘ನಂಗೇನೂ ಇಲ್ಲ’ ಎಂದುಕೊಂಡು ಮುಂದಿನ ಸಕ್ಕರೆ ಪರೀಕ್ಷೆ ಬಿಟ್ಟರಂತೂ ಇದ್ದ ಕಾಪೂ ಹೋಯಿತು. ನಮಗೆ ಹೆಚ್ಚು ಚಿಂತೆ ಈ ಎರಡನೇ ಗುಂಪಿನದ್ದು.

7. ಸರಿ, ಸಕ್ಕರೆಗೆ ಯಾವ ಪರೀಕ್ಷೆ ಮಾಡಿಸಬೇಕು?

ಗ್ಲುಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಪರೀಕ್ಷೆ. ನಮ್ಮ ದೇಶದ ಸರ್ಕಾರಿ ಮಾರ್ಗಸೂಚಿಯ ಪ್ರಕಾರ ಬಸಿರು ಗೊತ್ತಾಗಿ ಮೊದಲ ಸಲ ತಪಾಸಣೆಗೆ ಹೋದಾಗ ಒಮ್ಮೆ, ಅದು ಸರಿಯಿದ್ದರೆ 24ರಿಂದ 28 ವಾರದೊಳಗೆ ಇನ್ನೊಮ್ಮೆ. ಎರಡರ ನಡುವೆ ಕನಿಷ್ಠ 4 ವಾರ ಇರಬೇಕು. ಊಟ ಆಗಿದ್ದರೂ ನಡೆಯುತ್ತದೆ, ಖಾಲಿ ಹೊಟ್ಟೆ ಬೇಕಿಲ್ಲ. ಹಳ್ಳಿಯಿಂದ ಬಸ್ ಹಿಡಿದು ಬರುವವರಿಗೆ ಇದು ದೊಡ್ಡ ಅನುಕೂಲ.

75 ಗ್ರಾಂ ಗ್ಲುಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ 5–10 ನಿಮಿಷದೊಳಗೆ ಕುಡಿಯಬೇಕು. ಎರಡು ಗಂಟೆಯ ನಂತರ ರಕ್ತದ ಸಕ್ಕರೆ 100 ಮಿ.ಲೀ.ಗೆ 140 ಮಿ.ಗ್ರಾಂ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸಿರಿನ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಮಾರನೆಯ ದಿನ ಮತ್ತೆ ಮಾಡಿಸಬೇಕು; ಅರ್ಧ ಗಂಟೆ ಕಳೆದ ಮೇಲಾದರೆ ಪರೀಕ್ಷೆ ಮುಂದುವರಿಸಬಹುದು. ಸಾಮಾನ್ಯ ತಪ್ಪು ಗ್ಲುಕೋಸ್ ತೂಕದ್ದು: ಅಂಗಡಿಯ ಪುಡಿಯನ್ನು ಚಮಚದ ಅಂದಾಜಿನಲ್ಲಿ ಹಾಕುವುದು. ಹಾಗೆ ಮಾಡಬೇಡಿ, ತೂಗಿದ 75 ಗ್ರಾಂನದೇ ಪ್ಯಾಕೆಟ್ ಬಳಸಿ. ಇನ್ನೊಂದು, ಕಾಯುವ ಎರಡು ಗಂಟೆಯಲ್ಲಿ ಕಾಫಿ, ತಿಂಡಿ ಮುಗಿಸಿಕೊಂಡು ಬರುವುದು. ನೀರು ಬಿಟ್ಟು ಬೇರೇನೂ ಬೇಡ.

ಕಾಯಿಲೆ ಇದೆ ಎಂದಾದರೆ ಮೊದಲು ಎರಡು ವಾರ ಊಟದ ಕ್ರಮ ಮತ್ತು ನಡಿಗೆ. ಆಮೇಲೂ ಊಟವಾದ ಎರಡು ಗಂಟೆಗೆ 120 ದಾಟುತ್ತಿದ್ದರೆ ಡಾಕ್ಟರು ಮೆಟ್‌ಫಾರ್ಮಿನ್ ಅಥವಾ ಇನ್ಸುಲಿನ್ ಶುರು ಮಾಡುತ್ತಾರೆ.

8. ನಾನು ಸಣ್ಣಗಿದ್ದೀನಿ. ನನಗೆ ಯಾವ ಕೊಬ್ಬು, ಯಾವ ಸಕ್ಕರೆ?

ನಮ್ಮ ಕಡೆಯ ಹೆಂಗಸರಿಗೆ ಈ ಪ್ರಶ್ನೆಯ ಉತ್ತರವೇ ಎಲ್ಲಕ್ಕಿಂತ ಮುಖ್ಯ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ (ಹಳಬರು ಮಿಷನ್ ಆಸ್ಪತ್ರೆ ಅನ್ನುತ್ತಾರೆ) 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟ ದಾಖಲೆಗಳಿದ್ದವು. ಅದೇ ಊರು, ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನ ನಡೆಯಿತು. ಬಸುರಿಯರಲ್ಲಿ ಶೇ. 6.2 ಮಂದಿಗೆ ಸಕ್ಕರೆ ಕಾಯಿಲೆ ಕಂಡಿತು, ಅದೂ ಬೊಜ್ಜು ಅಷ್ಟಾಗಿ ಇಲ್ಲದ ಜನರಲ್ಲಿ. ಶೇ. 43 ಮಂದಿಗೆ ಬಿ12 ಜೀವಸತ್ವದ ಕೊರತೆ ಇತ್ತು; ಕೊರತೆ ಇದ್ದವರಲ್ಲಿ ಮೈಕೊಬ್ಬು ಹೆಚ್ಚು, ಇನ್ಸುಲಿನ್‌ಗೆ ಸ್ಪಂದನೆ ಕಡಿಮೆ, ಬಸಿರಿನ ಸಕ್ಕರೆಯೂ ಹೆಚ್ಚು.

ತೂಕ ಕಡಿಮೆಯಿದ್ದೂ ಹೊಟ್ಟೆ, ಬೆನ್ನಿನ ಭಾಗದಲ್ಲಿ ಕೊಬ್ಬು ಹೆಚ್ಚಿರುವ ಈ ಮೈಕಟ್ಟು ನಮ್ಮಲ್ಲಿ ಹುಟ್ಟಿನಿಂದಲೇ ಬರುತ್ತದೆ. ಪುಣೆ ಮತ್ತು ಮೈಸೂರಿನ ನವಜಾತ ಶಿಶುಗಳ ಮೇಲಿನ ಅಧ್ಯಯನಗಳು ಅದನ್ನೇ ತೋರಿಸಿವೆ: ಕೈಕಾಲು ಸಣ್ಣ, ಮಾಂಸಖಂಡ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಕಾಪಾಡಿಕೊಂಡಿರುತ್ತದೆ. ಅದಕ್ಕೇ ನಮ್ಮವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಮಿತಿಯನ್ನು ಕೆಳಗಿಳಿಸಿದ್ದಾರೆ. ‘ಸಣ್ಣಗಿದ್ದಾಳೆ, ಅವಳಿಗೆ ಶುಗರ್ ಟೆಸ್ಟ್ ಯಾಕೆ’ ಎಂಬ ಅತ್ತೆಯ ಮಾತಿಗೆ, ಕೆಲವೊಮ್ಮೆ ಆಸ್ಪತ್ರೆಯವರ ಮಾತಿಗೂ, ಒಪ್ಪಬೇಡಿ. ಪರೀಕ್ಷೆ ಎಲ್ಲ ಬಸುರಿಯರಿಗೂ ಇರುವುದು.

9. ಬಿಪಿ ಏರುವ ಬಸಿರಿನಲ್ಲಿ, ಪ್ರೀಎಕ್ಲಾಂಪ್ಸಿಯಾದಲ್ಲಿ?

ಪ್ರೀಎಕ್ಲಾಂಪ್ಸಿಯಾ ಅಂದರೆ ಬಸಿರಿನ ಅರ್ಧ ಕಳೆದ ಮೇಲೆ ಬಿಪಿ ಏರಿ, ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ. ಅದರಲ್ಲಿ ಲೆಪ್ಟಿನ್ ಆರೋಗ್ಯವಂತ ಬಸುರಿಯರಿಗಿಂತಲೂ ಹೆಚ್ಚು. ಮಾಸಿಗೆ ರಕ್ತದ ಹರಿವು ಸಾಲದೆ ಆಮ್ಲಜನಕ ಕಡಿಮೆಯಾದಾಗ ಅದು ಇನ್ನೂ ಹೆಚ್ಚು ಲೆಪ್ಟಿನ್ ತಯಾರಿಸುತ್ತದೆ. ಅಡಿಪೊನೆಕ್ಟಿನ್ ವಿಷಯದಲ್ಲಿ ಮಾತ್ರ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ತೂಕ ಹೆಚ್ಚಿರದವರಲ್ಲಿ ಪ್ರೀಎಕ್ಲಾಂಪ್ಸಿಯಾ ಬಂದಾಗ ಅದು ಏರಿರುವುದನ್ನು ಹಲವರು ಕಂಡಿದ್ದಾರೆ. ರಕ್ತನಾಳ ಕಾಪಾಡಲು ಮೈ ಮಾಡುವ ಪ್ರಯತ್ನ ಇರಬಹುದು ಎಂಬ ವಿವರಣೆ ಇದೆ. ಬೊಜ್ಜಿರುವವರಲ್ಲಿ ಇಳಿದಿರುವುದೂ ಕಂಡಿದೆ. ಕೆಮೆರಿನ್, ಎಫ್‌ಎಬಿಪಿ4 ಎಂಬ ಇನ್ನೆರಡು ಅಡಿಪೊಕೈನ್‌ಗಳು ಏರುತ್ತವೆ.

ಈ ಕಾಯಿಲೆಯಲ್ಲಿ ನಿಜವಾಗಿ ಕೆಲಸಕ್ಕೆ ಬಂದಿರುವ ರಕ್ತ ಪರೀಕ್ಷೆ ಕೊಬ್ಬಿನದ್ದಲ್ಲ, ಮಾಸಿನ ರಕ್ತನಾಳಗಳಿಗೆ ಸಂಬಂಧಿಸಿದ್ದು: ಎಸ್‌ಎಫ್‌ಎಲ್‌ಟಿ-1 ಮತ್ತು ಪಿಎಲ್‌ಜಿಎಫ್ ಎಂಬ ಎರಡು ಪ್ರೋಟೀನ್‌ಗಳ ಅನುಪಾತ. ಅನುಮಾನ ಇರುವ ಬಸುರಿಯಲ್ಲಿ ಅದು 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರೀಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಬಹಳ ಕಡಿಮೆ ಎಂದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು.

ಅದೂ ಎಲ್ಲ ಕಡೆ ಸಿಗುವುದಿಲ್ಲ. ಎಲ್ಲ ಕಡೆ ಸಿಗುವುದು ಬಿಪಿ ಪಟ್ಟಿ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ. 20 ವಾರದ ಮೇಲೆ, ಕನಿಷ್ಠ 4 ಗಂಟೆ ಬಿಟ್ಟು ಎರಡು ಸಲ ನೋಡಿದಾಗಲೂ 140/90 ಅಥವಾ ಹೆಚ್ಚಿದ್ದರೆ ಬಿಪಿ ಇದೆ ಎಂದೇ ಲೆಕ್ಕ. ತೋಳು ದಪ್ಪ ಇರುವವರಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ಬೆನ್ನಿಗೆ ಒರಗಿ, ಕಾಲು ನೆಲಕ್ಕೆ ಊರಿ, ತೋಳು ಎದೆಯ ಮಟ್ಟದಲ್ಲಿಟ್ಟು, ಐದು ನಿಮಿಷ ಸುಮ್ಮನೆ ಕೂತ ಮೇಲೆ ನೋಡಬೇಕು. ಹಿಂದಿನ ಬಸಿರಿನಲ್ಲಿ ಈ ಕಾಯಿಲೆ ಆಗಿದ್ದವರು, ಮೊದಲಿಂದ ಬಿಪಿ ಅಥವಾ ಸಕ್ಕರೆ ಇರುವವರು ಮೂರನೇ ತಿಂಗಳಲ್ಲೇ ಡಾಕ್ಟರಿಗೆ ಹೇಳಿಕೊಳ್ಳಿ. 16 ವಾರಕ್ಕೆ ಮುಂಚೆ ಶುರು ಮಾಡಿದ ಕಡಿಮೆ ಪ್ರಮಾಣದ ಆಸ್ಪಿರಿನ್ ಅವರಿಗೆ ರಕ್ಷಣೆ ಕೊಡುತ್ತದೆ. ನಿಮ್ಮಷ್ಟಕ್ಕೆ ನೀವೇ ತಗೊಳ್ಳಬೇಡಿ.

ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ನೋವು, ಇದ್ದಕ್ಕಿದ್ದಂತೆ ಮುಖ ಕೈ ಊದುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಫಿಟ್ಸ್: ಇವುಗಳಲ್ಲಿ ಒಂದಿದ್ದರೂ ರಾತ್ರಿಯೋ ಹಗಲೋ ನೋಡದೆ 108ಕ್ಕೆ ಫೋನ್ ಮಾಡಿ. ಮೈಸೂರಿನ ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆ ಇಂಥ ಕೇಸ್‌ಗಳನ್ನು ನೋಡುವ ಸರ್ಕಾರಿ ಆಸ್ಪತ್ರೆಗಳು.

10. ಹೊಕ್ಕುಳಬಳ್ಳಿಯ ರಕ್ತದಲ್ಲಿ ಇವನ್ನು ನೋಡಿದರೆ ಮಗುವಿನ ಬಗ್ಗೆ ಏನು ತಿಳಿಯುತ್ತದೆ?

ಅಲ್ಲಿನ ಲೆಪ್ಟಿನ್ ಮಗುವಿನ ಮೈಕೊಬ್ಬಿನ ಅಳತೆ ಇದ್ದ ಹಾಗೆ. ದಪ್ಪ ಮಗುವಿನಲ್ಲಿ ಹೆಚ್ಚು, ಹೊಟ್ಟೆಯೊಳಗೆ ಸರಿಯಾಗಿ ಬೆಳೆಯದ ಮಗುವಿನಲ್ಲಿ ಕಡಿಮೆ, ಗಂಡಿಗಿಂತ ಹೆಣ್ಣು ಮಗುವಿನಲ್ಲಿ ಹೆಚ್ಚು. ಅಡಿಪೊನೆಕ್ಟಿನ್ ತಾಯಿಗಿಂತ ಮಗುವಿನಲ್ಲೇ ಎಷ್ಟೋ ಹೆಚ್ಚು ಇರುತ್ತದೆ. ದೊಡ್ಡವರ ಹಾಗೆ ಕೊಬ್ಬು ಹೆಚ್ಚಿದರೆ ಇಳಿಯುವ ನಿಯಮ ನವಜಾತ ಶಿಶುವಿಗೆ ಹಾಗೇ ಅನ್ವಯಿಸುವುದಿಲ್ಲ.

ಅಮ್ಮನಿಗೆ ಸಕ್ಕರೆ ಇದ್ದ ಮೈಸೂರಿನ ಮಕ್ಕಳು ಹುಟ್ಟುವಾಗ ಹೆಚ್ಚು ತೂಕ, ಹೆಚ್ಚು ಕೊಬ್ಬಿನಿಂದ ಹುಟ್ಟಿದವು. ಐದು ವರ್ಷಕ್ಕೆ ಅವರಲ್ಲಿ ಹೆಣ್ಣುಮಕ್ಕಳ ಚರ್ಮದಡಿಯ ಕೊಬ್ಬು ಉಳಿದ ಮಕ್ಕಳಿಗಿಂತ ಹೆಚ್ಚಿತ್ತು. ನಿಮ್ಮ ಮಗುವಿಗೆ ಇದನ್ನು ಅಳೆಸುವ ಅಗತ್ಯ ಇಲ್ಲ. ತೂಕ ಮತ್ತು ಉದ್ದವನ್ನು ಅಂಗನವಾಡಿಯಲ್ಲಿ ತಪ್ಪದೆ ಬರೆಸಿದರೆ ಸಾಕು.

11. ಅಡಿಪೊನೆಕ್ಟಿನ್ ಹೆಚ್ಚಿಸುವ, ಲೆಪ್ಟಿನ್ ಇಳಿಸುವ ಮಾತ್ರೆ, ಪುಡಿ ಇವೆಯಂತೆ?

ಬಸುರಿಯರಿಗೆ ಹಾಗೆಂದು ಒಪ್ಪಿಗೆ ಪಡೆದ ಔಷಧ ಒಂದೂ ಇಲ್ಲ. ಪ್ರಯೋಗಶಾಲೆಯಲ್ಲಿ ತಯಾರಿಸಿದ ಲೆಪ್ಟಿನ್ ಔಷಧಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಅದು ಮೈಯಲ್ಲಿ ಕೊಬ್ಬೇ ಇಲ್ಲದಂತಾಗುವ ಅಪರೂಪದ ಕಾಯಿಲೆಗೆ. ಬಸುರಿಯರಿಗೆ ‘ಕೊಬ್ಬು ಕರಗಿಸುವ’ ಪುಡಿ ಯಾರೇ ಕೊಟ್ಟರೂ ಬೇಡ ಅನ್ನಿ.

12. ಊಟದಲ್ಲಿ ಏನು ಮಾಡಬಹುದು? ಮುದ್ದೆ ತಿಂದರೆ ಶುಗರ್ ಬರುವುದಿಲ್ಲ ಅನ್ನುತ್ತಾರೆ.

ರಾಗಿಯಲ್ಲಿ ಸುಣ್ಣದಂಶ, ನಾರು ಚೆನ್ನಾಗಿದೆ, ಆದರೆ ಮುದ್ದೆಯೂ ಪಿಷ್ಟವೇ. ದೊಡ್ಡ ಮುದ್ದೆ ಎರಡು, ಮೇಲೆ ಅನ್ನ ಅಂದರೆ ಸಕ್ಕರೆ ಏರಿಯೇ ಏರುತ್ತದೆ. ಚಿಕ್ಕ ಮುದ್ದೆ ಒಂದು, ಜೊತೆಗೆ ಕಾಳು ಸೊಪ್ಪಿನ ಬಸ್ಸಾರು ಅಥವಾ ಉಪ್ಸಾರು, ಪಲ್ಯ, ಮೊಟ್ಟೆ ಇಲ್ಲವೇ ಮೊಸರು, ಆಮೇಲೆ ಬೇಕೆನಿಸಿದರೆ ಸ್ವಲ್ಪ ಅನ್ನ. ಬಸ್ಸಾರಿಗೆ ಬಸಿದ ಕಟ್ಟಿನ ಜೊತೆ ಕಾಳನ್ನೂ ತಟ್ಟೆಗೆ ಬಡಿಸಿಕೊಳ್ಳಿ, ಪ್ರೋಟೀನ್ ಇರುವುದು ಅದರಲ್ಲಿ. ನುಣ್ಣನೆಯ ಹಿಟ್ಟಿನ ಗಂಜಿ ಮುದ್ದೆಗಿಂತ ಬೇಗ ಜೀರ್ಣವಾಗುತ್ತದೆ. ಸಕ್ಕರೆ ಇರುವವರು ಬೆಲ್ಲ ಹಾಕಿದ ರಾಗಿ ಗಂಜಿ ಬಿಡುವುದು ಒಳ್ಳೆಯದು.

ಮಂಡ್ಯದಲ್ಲಿ ಬೆಲ್ಲದ ವಿಷಯ ಸ್ಪಷ್ಟವಾಗಿ ಹೇಳಲೇಬೇಕು. ಆಲೆಮನೆಯ ಬೆಲ್ಲವಾಗಲಿ ಕಬ್ಬಿನ ಹಾಲಾಗಲಿ, ರಕ್ತದ ಸಕ್ಕರೆ ಏರಿಸುವುದರಲ್ಲಿ ಬಿಳಿ ಸಕ್ಕರೆಗೆ ಕಡಿಮೆಯಿಲ್ಲ. ‘ಬೆಲ್ಲದಿಂದ ರಕ್ತ ಆಗುತ್ತದೆ’ ಎಂದು ಬಸುರಿಗೆ ಹೆಚ್ಚು ಕೊಡುವ ರೂಢಿ ಸಕ್ಕರೆ ಇರುವವರಿಗೆ ಅಪಾಯ. ರಕ್ತಕ್ಕೆ ಕಬ್ಬಿಣದ ಮಾತ್ರೆ ಇದೆ.

ಊಟದ ನಂತರ 15–20 ನಿಮಿಷದ ನಡಿಗೆ ಆ ಹೊತ್ತಿನ ಸಕ್ಕರೆಯನ್ನು ನೇರವಾಗಿ ಇಳಿಸುತ್ತದೆ. ಹಾಲು, ಮೊಸರು, ಮೊಟ್ಟೆ ಬಿ12ಗೆ. ಯಾವುದನ್ನೂ ತಿನ್ನದವರು ಡಾಕ್ಟರಲ್ಲಿ ಕೇಳಿ ಮಾತ್ರೆ ತಗೊಳ್ಳಿ. ಬಸಿರಿನಲ್ಲಿ ತೂಕ ಇಳಿಸುವ ಪಥ್ಯ ಮಾತ್ರ ಬೇಡ.

13. ರೆಸಿಸ್ಟಿನ್, ವಿಸ್ಫಾಟಿನ್ ಅಂತೆಲ್ಲ ಓದುತ್ತೇವಲ್ಲ?

ಇವೂ ಅಡಿಪೊಕೈನ್ ಪಟ್ಟಿಯಲ್ಲಿ ಬರುವ ಪ್ರೋಟೀನ್‌ಗಳೇ. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಇಲಿಯಲ್ಲಿ ರೆಸಿಸ್ಟಿನ್ ಕೊಬ್ಬಿನಿಂದ ಬರುತ್ತದೆ, ಮನುಷ್ಯರಲ್ಲಿ ಬಹುಪಾಲು ಬಿಳಿ ರಕ್ತಕಣಗಳ ಗುಂಪಿನಿಂದ. ವಿಸ್ಫಾಟಿನ್ ಇನ್ಸುಲಿನ್‌ನಂತೆ ಕೆಲಸ ಮಾಡುತ್ತದೆ ಎಂದು 2005ರಲ್ಲಿ ಬಂದ ಪ್ರಸಿದ್ಧ ಲೇಖನವನ್ನು 2007ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಆದರೂ ಹಳೆಯ ನೋಟ್ಸ್‌ಗಳಲ್ಲಿ ಆ ಮಾತು ಇನ್ನೂ ಓಡಾಡುತ್ತಿದೆ. ಟಿಎನ್‌ಎಫ್-ಆಲ್ಫಾ, ಐಎಲ್-6 ಎಂಬ ಉರಿಯೂತದ ಪ್ರೋಟೀನ್‌ಗಳು ಕೊಬ್ಬಿನಿಂದಲೂ ಬರುತ್ತವೆ, ಸೋಂಕಿದ್ದರೂ ಏರುತ್ತವೆ. ನೆಗಡಿ ಜ್ವರದಲ್ಲಿರುವ ಬಸುರಿಯ ರಕ್ತ ತೆಗೆದು ಬಸಿರಿನ ತೊಂದರೆಗೆ ತಳಕು ಹಾಕುವಂತಿಲ್ಲ.

14. ಲ್ಯಾಬ್‌ನವರಿಗೆ: ರಕ್ತ ಯಾವಾಗ, ಹೇಗೆ ತೆಗೆಯಬೇಕು?

ಬೆಳಗ್ಗೆ, 8–10 ಗಂಟೆ ಉಪವಾಸದ ನಂತರ, ಎಲ್ಲರದ್ದೂ ಒಂದೇ ಹೊತ್ತಿಗೆ. ಲೆಪ್ಟಿನ್ ರಾತ್ರಿ ಏರಿ ಹಗಲು ಇಳಿಯುವುದರಿಂದ ಒಬ್ಬರದ್ದು ಬೆಳಗ್ಗೆ, ಇನ್ನೊಬ್ಬರದ್ದು ಸಂಜೆ ತೆಗೆದರೆ ಹೋಲಿಕೆ ಕೆಡುತ್ತದೆ. ಉಪವಾಸ ಅಂದರೆ ನೀರೂ ಇಲ್ಲ ಎಂದುಕೊಂಡು ಬರುತ್ತಾರೆ. ನೀರು ಕುಡಿಯಲು ಮೊದಲೇ ಹೇಳಿ. ಮೊದಲು ಬಸುರಿಯರನ್ನು ಕರೆಯಿರಿ, ಸಾಲಿನಲ್ಲಿ ನಿಲ್ಲಿಸಬೇಡಿ.

3–5 ಮಿ.ಲೀ. ರಕ್ತವನ್ನು ಕೆಂಪು ಮುಚ್ಚಳದ ಟ್ಯೂಬಿಗೆ ತೆಗೆದು ನೆಟ್ಟಗೆ 30 ನಿಮಿಷ ಕೊಠಡಿಯ ಉಷ್ಣದಲ್ಲಿ ಹೆಪ್ಪುಗಟ್ಟಲು ಬಿಡಿ. 1000–2000 ಜಿ ವೇಗದಲ್ಲಿ 10–15 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಸೀರಮ್ ಅನ್ನು 200–250 ಮೈಕ್ರೊಲೀಟರ್‌ನ ಚಿಕ್ಕ ಪಾಲುಗಳಾಗಿ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ. ಒಂದೇ ದೊಡ್ಡ ಟ್ಯೂಬಿನಲ್ಲಿಟ್ಟರೆ ಪ್ರತಿ ಪರೀಕ್ಷೆಗೂ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ ಪ್ರೋಟೀನ್ ಹಾಳಾಗುತ್ತದೆ. ತಾಲ್ಲೂಕಿನ ಆರೋಗ್ಯ ಕೇಂದ್ರದಿಂದ ತರುವುದಾದರೆ ಅಲ್ಲೇ ಸೀರಮ್ ಬೇರ್ಪಡಿಸಿ, ನಂತರ ಐಸ್ ಪೆಟ್ಟಿಗೆಯಲ್ಲಿ ಕಳಿಸಿ. ಬೇರ್ಪಡಿಸದ ರಕ್ತವನ್ನು ಐಸಿಗೆ ತಾಗಿಸಿಟ್ಟು, ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಿಸಿಕೊಂಡು ತಂದರೆ ಕೆಂಪುಕಣ ಒಡೆದು ಸೀರಮ್ ಕೆಂಪಾಗುತ್ತದೆ. ಅಂಥದ್ದನ್ನು ಬಳಸಬೇಡಿ. ತಿಂಗಳು ತುಂಬುವ ಹೊತ್ತಿಗೆ ಟ್ರೈಗ್ಲಿಸರೈಡ್ ಎರಡು–ಮೂರು ಪಟ್ಟು ಆಗುವುದರಿಂದ ಊಟದ ನಂತರದ ಸೀರಮ್ ಹಾಲಿನಂತೆ ಮಸುಕಾಗಿರುತ್ತದೆ, ಅದೂ ಓದುವಿಕೆಗೆ ಅಡ್ಡಿ.

ಹೊಕ್ಕುಳಬಳ್ಳಿಯ ರಕ್ತವಾದರೆ, ಬಳ್ಳಿ ಕತ್ತರಿಸಿದ ಮೇಲೆಯೇ ತೆಗೆಯಬೇಕು. ಮಗುವಿನ ಹಿತಕ್ಕಾಗಿ ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ತಡಮಾಡಿ ಕತ್ತರಿಸಬೇಕೆಂಬ ನಿಯಮವನ್ನು ಮಾದರಿಗೋಸ್ಕರ ಮುರಿಯುವ ಹಾಗಿಲ್ಲ. ಬಳ್ಳಿಯ ಹೊರಮೈ ಒರೆಸಿ, ಅಭಿಧಮನಿಗೆ ಸೂಜಿ ಚುಚ್ಚಿ ಎಳೆಯಿರಿ. ತುದಿಯಿಂದ ಹಿಂಡಿ ತುಂಬಿಸಿದರೆ ತಾಯಿಯ ರಕ್ತ ಬೆರೆಯುತ್ತದೆ.

15. ಎಲೈಸಾದಲ್ಲಿ (ರಕ್ತದ ಪ್ರೋಟೀನನ್ನು ಬಣ್ಣದ ಗಾಢತೆಯಿಂದ ಅಳೆಯುವ ಪರೀಕ್ಷೆ) ತಪ್ಪಾಗುವುದು ಎಲ್ಲಿ?

ಬಹಳ ಸಲ ಸೀರಮ್ ತೆಳುಮಾಡುವುದರಲ್ಲಿ. ಅಡಿಪೊನೆಕ್ಟಿನ್ ರಕ್ತದಲ್ಲಿ ಹೇರಳವಾಗಿರುವುದರಿಂದ ನೂರಾರು ಪಟ್ಟು ತೆಳುಮಾಡಬೇಕು. ನಿಖರ ಪ್ರಮಾಣಕ್ಕೆ ಕಿಟ್‌ನ ಸೂಚನೆಯೇ ಅಂತಿಮ. 500 ಪಟ್ಟು ಬೇಕಿದ್ದರೆ 1 ಮೈಕ್ರೊಲೀಟರ್ ಎಳೆಯುವ ಸಾಹಸ ಬೇಡ, ಎರಡು ಹಂತದಲ್ಲಿ ಮಾಡಿ: 10 ಮೈಕ್ರೊಲೀಟರ್ ಸೀರಮ್‌ಗೆ 190 ಬಫರ್, ಅದು 20 ಪಟ್ಟು. ಚೆನ್ನಾಗಿ ಕಲಸಿ, ಅದರಲ್ಲಿ 10ಕ್ಕೆ 240 ಬಫರ್, ಅದು 25 ಪಟ್ಟು. ಒಟ್ಟು 500. ಲೆಪ್ಟಿನ್‌ಗೆ ಇಷ್ಟೆಲ್ಲ ಬೇಕಿಲ್ಲ, ಆದರೆ ಬಸುರಿಯ ಲೆಪ್ಟಿನ್ ಮೇಲಿನ ಸ್ಟ್ಯಾಂಡರ್ಡ್ ಅನ್ನು ದಾಟಬಹುದು. ದಾಟಿದ್ದನ್ನು ಗೆರೆ ಮುಂದಕ್ಕೆಳೆದು ಅಂದಾಜು ಮಾಡದೆ ಇನ್ನಷ್ಟು ತೆಳುಮಾಡಿ ಮತ್ತೆ ಓಡಿಸಿ.

ಪ್ಲೇಟ್, ಬಫರ್ ಎಲ್ಲವನ್ನೂ ಫ್ರಿಜ್‌ನಿಂದ ತೆಗೆದು ಕೊಠಡಿಯ ಉಷ್ಣಕ್ಕೆ ಬರಲು ಬಿಡಿ, ಇಲ್ಲವಾದರೆ ಪ್ಲೇಟಿನ ಅಂಚಿನ ಬಾವಿಗಳು (ವೆಲ್) ಬೇರೆ, ನಡುವಿನವು ಬೇರೆ ಓದುತ್ತವೆ. ಪ್ರತಿ ಮಾದರಿಯೂ ಎರಡೆರಡು ಬಾವಿಯಲ್ಲಿ. ಎರಡರ ನಡುವಿನ ವ್ಯತ್ಯಾಸ ಶೇ. 10 ಮೀರಿದರೆ ಮತ್ತೆ ಮಾಡಬೇಕು. ತೊಳೆದ ನಂತರ ಪ್ಲೇಟ್ ಅನ್ನು ಟಿಶ್ಯೂ ಮೇಲೆ ಬೋರಲು ಬಡಿದು ನೀರು ಪೂರ್ತಿ ತೆಗೆಯಿರಿ. ಬಣ್ಣ ನಿಲ್ಲಿಸುವ ದ್ರಾವಣ ಹಾಕಿದ ಕೂಡಲೇ 450 ನ್ಯಾನೊಮೀಟರ್‌ನಲ್ಲಿ ಓದಬೇಕು. ಆರೋಗ್ಯವಂತರನ್ನೆಲ್ಲ ಒಂದು ಪ್ಲೇಟಿನಲ್ಲಿ, ಕಾಯಿಲೆಯವರನ್ನೆಲ್ಲ ಇನ್ನೊಂದರಲ್ಲಿ ಹಾಕಿದರೆ ಪ್ಲೇಟಿನ ವ್ಯತ್ಯಾಸವೇ ಕಾಯಿಲೆಯ ವ್ಯತ್ಯಾಸದಂತೆ ಕಾಣುತ್ತದೆ. ಎರಡನ್ನೂ ಬೆರೆಸಿ ಹಾಕಿ. ಅಡಿಪೊನೆಕ್ಟಿನ್ ಕಿಟ್ ಒಟ್ಟು ಪ್ರಮಾಣ ಅಳೆಯುತ್ತದೋ, ಇನ್ಸುಲಿನ್ ಸ್ಪಂದನೆಗೆ ಹೆಚ್ಚು ಹತ್ತಿರವಾದ ದೊಡ್ಡ ಅಣುಗುಚ್ಛವನ್ನು ಮಾತ್ರ ಅಳೆಯುತ್ತದೋ ಕೊಳ್ಳುವ ಮುಂಚೆ ನೋಡಿಕೊಳ್ಳಿ. ಬೇರೆ ಬೇರೆ ಕಂಪನಿಯ ಕಿಟ್‌ಗಳ ಸಂಖ್ಯೆಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಬಾರದು.

ಸಂಖ್ಯೆಯ ಪಕ್ಕದಲ್ಲಿ ಇಷ್ಟು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ: ಸ್ಕ್ಯಾನಿಂಗ್ ಪ್ರಕಾರ ಎಷ್ಟನೇ ವಾರ, ಬಸಿರಿಗೆ ಮೊದಲಿನ ಅಥವಾ ಮೊದಲ ತಪಾಸಣೆಯ ತೂಕ ಮತ್ತು ಎತ್ತರ, ಉಪವಾಸದ ಗಂಟೆ, ರಕ್ತ ತೆಗೆದ ಸಮಯ, ಅವಳಿಯೋ ಒಂದೇ ಮಗುವೋ, ಮೆಟ್‌ಫಾರ್ಮಿನ್, ಇನ್ಸುಲಿನ್, ಸ್ಟೀರಾಯ್ಡ್ ಇಂಜೆಕ್ಷನ್ ಆಗಿದೆಯೇ.

16. ಸಂಶೋಧನೆಗೆ ಅಂತ ರಕ್ತ ಕೇಳಿದರು. ಕೊಡಬಹುದಾ?

ಕೊಡಬಹುದು, ಮಗುವಿಗೆ ತೊಂದರೆ ಇಲ್ಲ. ಮಾಮೂಲಿ ತಪಾಸಣೆಗೆ ತೆಗೆಯುವಾಗಲೇ ಒಂದು ಟ್ಯೂಬ್ ಹೆಚ್ಚು ತೆಗೆಯುತ್ತಾರೆ. ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರ ಕೇಳಿ, ಓದಲು ಬಾರದಿದ್ದರೆ ನಿಮ್ಮ ಕಡೆಯವರೊಬ್ಬರ ಎದುರಿಗೆ ಓದಿಸಿ. ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಇದೆಯೇ, ಎಷ್ಟು ರಕ್ತ, ಎಷ್ಟು ಸಲ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ಕೇಳುವುದು ನಿಮ್ಮ ಹಕ್ಕು. ಆಗುವುದಿಲ್ಲ ಎಂದರೂ, ಅರ್ಧಕ್ಕೆ ಬಿಟ್ಟರೂ ನಿಮ್ಮ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡುವಂತಿಲ್ಲ. ಪರೀಕ್ಷೆಗೆ ನಿಮ್ಮಿಂದ ದುಡ್ಡು ಕೇಳುವಂತೆಯೂ ಇಲ್ಲ.

17. ಹೆರಿಗೆ ಆಯಿತು. ಇನ್ನೇನಾದರೂ ನೋಡಿಸಬೇಕಾ?

ಎದೆಹಾಲಿನಲ್ಲೂ ಲೆಪ್ಟಿನ್, ಅಡಿಪೊನೆಕ್ಟಿನ್ ಇರುತ್ತವೆ. ಅವನ್ನು ಅಳೆಸಬೇಕಿಲ್ಲ, ಕುಡಿಸಿದರೆ ಆಯಿತು. ಬಸಿರಿನಲ್ಲಿ ಸಕ್ಕರೆ ಬಂದಿದ್ದವರು ಹೆರಿಗೆಯಾದ 6 ವಾರಕ್ಕೆ 75 ಗ್ರಾಂ ಗ್ಲುಕೋಸ್ ಪರೀಕ್ಷೆ ಮತ್ತೆ ಮಾಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ ಸಕ್ಕರೆ ನೋಡಿಸಬೇಕು. ಬಾಣಂತನಕ್ಕೆ ತವರಿಗೆ ಹೋದವರಲ್ಲಿ ಈ ಪರೀಕ್ಷೆ ತಪ್ಪಿಹೋಗುವುದು ಹೆಚ್ಚು. ಮಗುವಿಗೆ ಒಂದೂವರೆ ತಿಂಗಳ ಲಸಿಕೆಯೂ ಅದೇ 6 ವಾರಕ್ಕೆ ಬೀಳುತ್ತದೆ. ತವರಿನ ಊರಿನ ಆರೋಗ್ಯ ಕೇಂದ್ರಕ್ಕೆ ಲಸಿಕೆಗೆ ಹೋಗುವಾಗ ತಾಯಿ ಕಾರ್ಡ್ ತಗೊಂಡು ಹೋಗಿ, ‘ಬಸಿರಿನಲ್ಲಿ ಶುಗರ್ ಇತ್ತು’ ಎಂದು ಹೇಳಿ ಅದೇ ದಿನ ಮಾಡಿಸಿಕೊಳ್ಳಿ.